ಮೂರು ಆಟೀನಿನ ಬೇಲಿ

ಹಾಸನದ ಕ್ಲಬ್ಬಿನೊಳಕ್ಕೆ ನಾನು ಮೊದಲ ಸಲ ಕಾಲಿಟ್ಟದ್ದು ಇಸ್ಪೀಟಾಡುವುದಕ್ಕಲ್ಲ, ಅರಕಲಗೂಡು ರಸ್ತೆಯ ಒಂದು ಮೋರಿಯ ನಕ್ಷೆಗೆ ಸಾಹೇಬರ ರುಜು ಹಾಕಿಸುವುದಕ್ಕೆ. ಐವತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ನಾನು ಹೊಳೆನರಸೀಪುರದವನು, ರಸ್ತೆ, ಮೋರಿ ಕಟ್ಟಿಸುವ ಸರ್ಕಾರಿ ಕಚೇರಿಯಲ್ಲಿ ಓವರ್‌ಸಿಯರ್. ಸಾಹೇಬರು ಅಂದರೆ ನಮ್ಮ ಇಂಜಿನಿಯರು, ಕಚೇರಿಗೆ ದೊಡ್ಡವರು. ಶನಿವಾರ ಮಧ್ಯಾಹ್ನ ಕಚೇರಿ ಮುಚ್ಚಿದ ಮೇಲೆ ಅವರ ರುಜು ಬೇಕಾದವರು ಕ್ಲಬ್ಬಿಗೇ ಹೋಗಬೇಕಿತ್ತು. ಅವತ್ತು ಬಾಯಿ ಮುಚ್ಚಿಕೊಂಡು ರುಜು ಹಾಕಿಸಿಕೊಂಡು ಬಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ನನ್ನ ಬಾಯಿ ಅಂಥದ್ದಲ್ಲ.

ಅಲ್ಲಿ ನಾಲ್ಕು ಜನ ಬ್ರಿಜ್ ಆಡುತ್ತಿದ್ದರು. ಆಟ ಗೊತ್ತಿಲ್ಲದವರಿಗೆ ಇಷ್ಟು ಹೇಳಿದರೆ ಸಾಕು. ಎದುರುಬದುರು ಕೂತವರು ಜೋಡಿ, ತಲೆಗೆ ಹದಿಮೂರು ಎಲೆ. ಎಲೆ ಇಳಿಸುವುದಕ್ಕೆ ಮುಂಚೆ ಹರಾಜಿನ ಹಾಗೆ ಕೂಗಬೇಕು, ಯಾವ ಬಣ್ಣ ತುರುಫು, ಅಂದರೆ ಮಿಕ್ಕವನ್ನು ಹೊಡೆಯುವ ಬಣ್ಣ, ಆರರ ಮೇಲೆ ಇನ್ನೆಷ್ಟು ಪಟ್ಟು, ಅಂದರೆ ಸುತ್ತು, ಗೆಲ್ಲುತ್ತೇವೆ ಅಂತ. ಒಬ್ಬ ಕೂಗಿದ್ದಕ್ಕಿಂತ ಇನ್ನೊಬ್ಬ ಮೇಲಕ್ಕೇ ಹೋಗಬೇಕು, ಇಲ್ಲವೇ ಪಾಸ್ ಅನ್ನಬೇಕು. ಬಣ್ಣಗಳಲ್ಲಿ ಕಳಾವರಿಗಿಂತ ಡೈಮನ್ ಮೇಲು, ಅದಕ್ಕಿಂತ ಆಟೀನು, ಎಲ್ಲಕ್ಕೂ ಮೇಲೆ ಇಸ್ಪೀಟು. ನನ್ನ ಕೈ ಹೀಗಿದೆ, ನಿನ್ನದು ಹೇಗಿದೆ ಅಂತ ಜೋಡಿಗಳು ಒಬ್ಬರಿಗೊಬ್ಬರು ತಿಳಿಸುವುದು ಆ ಕೂಗಿನಲ್ಲೇ. ಬೇರೆ ಒಂದು ಕೆಮ್ಮಿಗೂ ಅವಕಾಶವಿಲ್ಲ.

ಸಾಹೇಬರ ಜೋಡಿಯಾಗಿ ನಮ್ಮ ಕಚೇರಿಯ ಹೆಡ್ ಗುಮಾಸ್ತರು ಕೂತಿದ್ದರು. ಎದುರಾಳಿಗಳು ಒಬ್ಬ ಡಾಕ್ಟರು ಮತ್ತು ರಾಮನಾಥಪುರದ ಕಡೆಯ ಹೊಗೆಸೊಪ್ಪಿನ ಸಾಹುಕಾರರು. ಈ ಸಾಹುಕಾರರ ಚಾಳಿಯೊಂದಿತ್ತು. ಕೈಯಲ್ಲಿ ರಾಜ, ಎಕ್ಕ ಏನೂ ಬೇಡ, ಒಂದೇ ಬಣ್ಣದ ಏಳು ಎಲೆ ಬಂದರೆ ಸಾಕು, ಮೊದಲ ಕೂಗಿಗೇ ಮೂರಕ್ಕೆ ನೆಗೆದುಬಿಡುತ್ತಿದ್ದರು. ಗೆಲ್ಲುವ ಆಸೆಯಿಂದಲ್ಲ. ಎದುರಿನವರು ಒಂದು, ಎರಡು ಅಂತ ಸಾವಧಾನವಾಗಿ ಮಾತಾಡಿಕೊಳ್ಳುವ ದಾರಿಯನ್ನು ಮುಚ್ಚುವುದಕ್ಕೆ. ಅದಕ್ಕೆ ಬೇಲಿ ಅಂತ ಅವರೇ ಹೆಸರಿಟ್ಟಿದ್ದರು. “ಬೇಲಿ ಆಕ್ಬುಟ್ಟಿವ್ನಿ ಕಣ್ರೀ, ಎಂಗ್ ನುಗ್ತೀರೋ ನುಗ್ಗಿ!” ಎಂದು ತೊಡೆ ತಟ್ಟಿಕೊಳ್ಳುತ್ತಿದ್ದರು.

ಅವತ್ತು ಅವರು ಮೂರು ಆಟೀನು ಎಂದರು. ಪಕ್ಕದಲ್ಲಿದ್ದ ಸಾಹೇಬರು ಒಂದು ನಿಮಿಷ ಯೋಚಿಸಿ ನಾಲ್ಕು ಆಟೀನು ಎಂದರು. ಡಾಕ್ಟರು ಪಾಸ್. ಹೆಡ್ ಗುಮಾಸ್ತರೂ ಕೈಮುಗಿಯುವುದೊಂದು ಬಾಕಿ, ಪಾಸ್ ಎಂದುಬಿಟ್ಟರು. ಸಾಹೇಬರ ಮುಖ ಕಪ್ಪಿಟ್ಟಿತು. ಅವರ ಕೈಯಲ್ಲಿ ಆಟೀನಿನ ಒಂದೇ ಒಂದು ಎಲೆಯೂ ಇರಲಿಲ್ಲ.

“ರೀ, ಪಾಸ್ ಯಾಕ್ರೀ ಅಂದ್ರಿ?”

“ತಾವು ನಾಲ್ಕು ಆಟೀನು ಅಂತ ಅಪ್ಪಣೆ ಮಾಡಿದ್‌ಮ್ಯಾಲೆ, ಅದರ ಮ್ಯಾಲಕ್ ಓಗಕ್ಕೆ ನಾನ್ಯಾರು ಸಾ?”

ನಾನು ನಕ್ಷೆ ಹಿಡಿದು ನಿಂತಿದ್ದವನು ಗೊಳ್ಳೆಂದು ನಕ್ಕುಬಿಟ್ಟೆ. ನಕ್ಕು ಸುಮ್ಮನಿದ್ದೆನೇ? ಬೆಂಗಳೂರಿನಲ್ಲಿ ಡಿಪ್ಲೊಮಾ ಓದುವಾಗ ಹಾಸ್ಟೆಲಿನಲ್ಲಿ ಕಲಿತಿದ್ದ ವಿದ್ಯೆ ನಾಲಿಗೆಯ ತುದಿಯಲ್ಲೇ ಇತ್ತು. “ಎದುರಾಳಿಯ ಬಣ್ಣವನ್ನೇ ಕೂಗಿದರೆ ಆ ಬಣ್ಣ ಬೇಕು ಅಂತಲ್ಲ ಸಾರ್. ನನ್ನ ಕೈಯಲ್ಲಿ ಬೇರೆ ಎರಡು ಬಣ್ಣ ಭರ್ತಿ ಇದೆ, ನೀನು ಬಾಯಿ ಬಿಡು ಅಂತ” ಎಂದೆ. ಸಾಹೇಬರು ಕನ್ನಡಕ ತೆಗೆದು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ಮುಂದಿನ ಶನಿವಾರದಿಂದ ನೀವು ಕೂತ್ಕೊಳ್ಳಿ” ಎಂದರು. ಹೆಡ್ ಗುಮಾಸ್ತರು ಬದುಕಿದೆಯಾ ಬಡಜೀವವೇ ಎಂದು ಎದ್ದು ಹೋದರು. ಆ ಕುರ್ಚಿಯಲ್ಲಿ ನಾನು ಮೂರು ವರ್ಷ ಕೂತೆ.

ಮೊದಮೊದಲು ಹಿಗ್ಗಿದ್ದೆ, ಸುಳ್ಳು ಯಾಕೆ ಹೇಳಲಿ. ಮೇಲಧಿಕಾರಿಯ ಎದುರು ಕೂತು ಅವರ ಮಾತಿನ ಮೇಲೆ ಮಾತು ಆಡಬಹುದಾದ ಜಾಗ ಇಡೀ ಜಿಲ್ಲೆಯಲ್ಲಿ ಅದೊಂದೇ. ಕೊಣನೂರು, ರಾಮನಾಥಪುರದ ಕಡೆ ರಸ್ತೆ ನೋಡಲು ಹೊರಟರೆ ಜೀಪಿನಲ್ಲೇ ಪಾಠ. ಸಾಹೇಬರು ಮುಂದೆ, ನಾನು ಹಿಂದೆ ಅಳತೆಯ ಸರಪಳಿಗಳ ನಡುವೆ. “ನಿಮ್ಮ ಬಲಗಡೆಯವನು ಮೂರು ಆಟೀನು ಅಂದ. ನಿಮ್ಮ ಹತ್ರ ಆರು ಇಸ್ಪೀಟು, ಐದು ಡೈಮನ್. ಏನಂತೀರಿ?” ಬರೀ ಇಸ್ಪೀಟು ಕೂಗಿದರೆ ಡೈಮನ್ ಕತ್ತಲೆಯಲ್ಲೇ ಉಳಿಯುತ್ತದೆ, ಜೋಡಿಯ ಹತ್ತಿರ ಇಸ್ಪೀಟಿಲ್ಲದೆ ಡೈಮನ್ನೇ ಇದ್ದರೆ ಇಬ್ಬರೂ ಕೆಟ್ಟೆವು. ನಿನಗೆ ಬೇಕಾದ ಬಣ್ಣ ಹೇಳು ಎನ್ನುವ ಅರ್ಥದಲ್ಲಿ ಡಬಲ್ ಅಂದರೆ ಜೋಡಿಯವನು ಕಳಾವರಿನ ಕಡೆಗೆ ಓಡುತ್ತಾನೆ. ಆದ್ದರಿಂದ ನಾಲ್ಕು ಆಟೀನು. ಅವನು ಕಳಾವರ್ ಅಂದರೆ ನಾನು ಡೈಮನ್ ಅನ್ನಬೇಕು. ಆಗ ಅವನಿಗೆ ಗೊತ್ತಾಗುತ್ತದೆ, ಇವನ ಹತ್ತಿರ ಕಳಾವರಿಲ್ಲ, ಇರುವುದು ಡೈಮನ್ನು ಮತ್ತು ಇಸ್ಪೀಟು ಅಂತ. ಈ ಏರ್ಪಾಟನ್ನು ಸಾಹೇಬರೇ ತಿದ್ದಿ ತೀಡಿ ಮಾಡಿದ್ದರು. ಬೇಲಿ ಎಷ್ಟೇ ಎತ್ತರವಿರಲಿ, ಎರಡು ಬಣ್ಣದ ಕೈ ಇದ್ದವನು ಸುಮ್ಮನೆ ಕೂರಬಾರದು ಎನ್ನುವುದು ಅವರ ಮಂತ್ರ. ಅದನ್ನು ಕಲಿತವನು ನಾನೊಬ್ಬನೇ. ಅಲ್ಲಿಗೆ ನನ್ನ ಕೊರಳಿಗೆ ಹಗ್ಗ ಬಿತ್ತು.

ಯಾಕೆಂದರೆ ನನ್ನ ಹೆಂಡತಿ ಇದ್ದದ್ದು ಚನ್ನರಾಯಪಟ್ಟಣದಲ್ಲಿ.

ಅವಳು ಅಲ್ಲಿನ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಟೀಚರು. ಹೆಣ್ಣುಮಗಳಿಗೆ ಟೀಚರ್ ಟ್ರೈನಿಂಗ್ ಯಾಕೆ ಎಂದ ಅಪ್ಪನ ಜೊತೆ ಮೂರು ದಿನ ಊಟ ಬಿಟ್ಟು ಜಗಳವಾಡಿ ಓದಿದವಳು. ಕೆಲಸ ಕಾಯಂ ಆದ ದಿನ ನನಗೆ ಬರೆದ ಕಾಗದದಲ್ಲಿ ಕ್ಷೇಮ ಸಮಾಚಾರವನ್ನೂ ಮರೆತು ಅದನ್ನೊಂದೇ ಎರಡು ಸಲ ಬರೆದಿದ್ದಳು. ಅದು ಊರಿನವರದೇ ಶಾಲೆಯಾದ್ದರಿಂದ ಅಲ್ಲಿ ಬೇರೆ ಊರಿಗೆ ವರ್ಗ ಎನ್ನುವುದೇ ಇಲ್ಲ. ಬಿಟ್ಟರೆ ಬಿಟ್ಟ ಹಾಗೆ. ನಮಗೊಬ್ಬಳು ಎರಡು ವರ್ಷದ ಮಗಳು. ಹಗಲೆಲ್ಲ ಅವಳನ್ನು ನೋಡಿಕೊಳ್ಳುತ್ತಿದ್ದವರು ನನ್ನ ಅತ್ತೆ. ನಾನು ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿ ಹೋಗಿ ಸಂಜೆಯ ಬಸ್ಸಿಗೆ ವಾಪಸ್ಸು ಬರುವ ಅಳಿಯ. ಶನಿವಾರವೇ ಹೋಗಬಹುದಿತ್ತು. ಶನಿವಾರ ಬ್ರಿಜ್ಜು.

ಚನ್ನರಾಯಪಟ್ಟಣಕ್ಕೆ ವರ್ಗ ಕೊಡಿ ಅಂತ ಎರಡು ಸಲ ಅರ್ಜಿ ಕೊಟ್ಟೆ. ಜಾಗ ಖಾಲಿ ಇತ್ತು, ಕೇಳುವವರು ಬೇರೆ ಯಾರೂ ಇರಲಿಲ್ಲ. ಸಾಹೇಬರು ಕೆಟ್ಟವರಾಗಿದ್ದರೆ ಬೈದುಕೊಂಡಾದರೂ ಇರುತ್ತಿದ್ದೆ. ಅವರು ಹೆಗಲ ಮೇಲೆ ಕೈ ಹಾಕುತ್ತಿದ್ದರು. “ನೀವು ಹೋದ್ರೆ ನನಗ್ಯಾರ್ರೀ ಗತಿ? ಮನೆಯವರನ್ನ ಇಲ್ಲಿಗೇ ಕರ್ಕೊಂಡು ಬನ್ನಿ. ಒಳ್ಳೇ ಕ್ವಾರ್ಟರ್ಸ್ ಕೊಡಿಸ್ತೀನಿ, ಬಾವಿ ಇರೋದು.” ಅವಳ ಕೆಲಸ ಹೋಗುತ್ತದೆ ಸಾರ್ ಎಂದರೆ, “ಅಯ್ಯೋ, ಹೆಂಗಸರ ಕೆಲಸ ತಾನೇ” ಎಂದು ಎಲೆ ಕಲಸುತ್ತಿದ್ದರು.  ಹಲ್ಲು ಕಚ್ಚಿಕೊಂಡು ಎಲೆ ಜೋಡಿಸಿಕೊಳ್ಳುತ್ತಿದ್ದೆ.

ಮೂರನೆಯ ವರ್ಷದ ಬೇಸಿಗೆಯಲ್ಲಿ ಅತ್ತೆಗೆ ಕಣ್ಣು ಮಂಜಾಗಿ ಬಾಗಿಲೇ ಕಾಣದ ಹಾಗಾಯಿತು. ಅವರನ್ನು ದೊಡ್ಡ ಮಗ ತಿಪಟೂರಿಗೆ ಕರೆದುಕೊಂಡು ಹೋಗುವುದೆಂದು ನಿಶ್ಚಯವಾಯಿತು. ಇನ್ನು ಮಗುವನ್ನು ನೋಡುವವರಿಲ್ಲ. ಶಾಲೆ ಮತ್ತೆ ಶುರುವಾಗುವ ಹೊತ್ತಿಗೆ ನಾನು ಅಲ್ಲಿರಬೇಕು. ನಾನಿದ್ದರೆ ಹೊಳೆನರಸೀಪುರದಿಂದ ನನ್ನ ತಾಯಿ ಬಂದಿರಲು ಒಪ್ಪಿದ್ದಳು. ಮಗನಿಲ್ಲದ ಮನೆಯಲ್ಲಿ, ಬೀಗರ ಊರಿನಲ್ಲಿ, ಸೊಸೆಯ ಜೊತೆ ಇರುವುದಕ್ಕೆ ಅವಳು ಸುತರಾಂ ಒಪ್ಪಲಿಲ್ಲ. ನನಗೆ ವರ್ಗ ಸಿಗದಿದ್ದರೆ ಹೆಂಡತಿ ಕೆಲಸ ಬಿಟ್ಟು ಹಾಸನಕ್ಕೆ ಬರಬೇಕು. ಮೂರನೆಯ ದಾರಿ ಇರಲಿಲ್ಲ.

ಉಪಾಯ ಹೇಳಿದವಳು ಹೆಂಡತಿಯೇ. ಭಾನುವಾರ ಬಿಸಿಲಿನಲ್ಲಿ ಹಪ್ಪಳ ಹರಡುತ್ತಾ ಕೇಳಿದಳು. “ನೀವು ಚೆನ್ನಾಗಿ ಆಡ್ತೀರ ಅಂತ ತಾನೇ ಬಿಡ್ತಿಲ್ಲ? ಕೆಟ್ಟದಾಗಿ ಆಡಿ.”

“ಅದು ಹೇಗಾಗತ್ತೆ?”

“ಯಾಕೆ, ಕೆಟ್ಟದಾಗಿ ಆಡೋದಕ್ಕೂ ಡಿಪ್ಲೊಮಾ ಬೇಕಾ?”

ನಕ್ಕೆವು. ಆದರೆ ಅವಳು ತಮಾಷೆಗೆ ಹೇಳಿದ್ದಲ್ಲ. ಸಮಯವೂ ಕೂಡಿಬಂದಿತ್ತು. ಹಾಸನದ ಕಾಲೇಜಿಗೆ ಹೊಸದಾಗಿ ಬಂದಿದ್ದ ಲೆಕ್ಕದ ಮೇಷ್ಟರೊಬ್ಬರು ಕ್ಲಬ್ಬಿಗೆ ಬಂದು ನಮ್ಮ ಮೇಜಿನ ಪಕ್ಕ ಕುರ್ಚಿ ಹಾಕಿಕೊಂಡು ಆಸೆಯಿಂದ ನೋಡುತ್ತಿದ್ದರು. ಬ್ರಿಜ್ ಬಲ್ಲವರು. ನಾನು ಏಳುವುದೇ ತಡ, ಅವರು ಕೂರುತ್ತಿದ್ದರು.

ಮುಂದಿನ ಶನಿವಾರ ಪೆದ್ದನ ಹಾಗೆ ಆಡಿದೆ. ಕೂಗಬೇಕಾದಲ್ಲಿ ಪಾಸ್ ಎಂದೆ. ಸಾಹೇಬರು ಇಳಿಸಿದ ಎಕ್ಕದ ಮೇಲೇ ತುರುಫು ಹೊಡೆದೆ. ಸಾಹುಕಾರರು “ಏನ್ ಓವರ್‌ಸೀರ್ರೇ, ಬಿಸ್ಲು ನೆತ್ತಿಗ್ ಒಡೀತಾ?” ಎಂದು ಬಿದ್ದು ಬಿದ್ದು ನಕ್ಕರು. ಸಾಹೇಬರು ನಗಲಿಲ್ಲ. ಹೊರಡುವಾಗ ಎಲ್ಲರೆದುರಿಗೇ ಹೇಳಿದರು: “ನಿಮ್ಮ ಮನಸ್ಸು ಇಲ್ಲಿಲ್ಲ. ಮುಂದಿನ ಶನಿವಾರಾನೂ ಇದೇ ಕಥೆ ಆದ್ರೆ ಈ ಮೇಷ್ಟ್ರನ್ನ ಕೂರಿಸ್ತೀನಿ. ನಿಮ್ಮ ಅರ್ಜಿ ಮೇಜಿನ ಮೇಲೇ ಇದೆ. ಸೋಮವಾರ ರುಜು ಹಾಕ್ತೀನಿ, ಹೋಗಿ ಹಾಯಾಗಿರಿ.” ಅವರು ಹೇಳಿದ್ದು ಬೈಗುಳ. ನನ್ನ ಕಿವಿಗೆ ಬಿದ್ದದ್ದು ಆಶೀರ್ವಾದ. ಮಾರನೆಯ ದಿನ ಹೆಂಡತಿಗೆ ಹೇಳಿದೆ. ಅವಳು ಮಗುವನ್ನೆತ್ತಿಕೊಂಡು ನಡುಮನೆಯಲ್ಲಿ ಒಂದು ಸುತ್ತು ಕುಣಿದುಬಿಟ್ಟಳು. ಅವಳು ಕುಣಿದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಎರಡನೆಯ ಶನಿವಾರ. ಮೂರು ಗಂಟೆಗೆ ಶುರುವಾಯಿತು. ಎರಡು ಗಂಟೆಯ ಹೊತ್ತು ವ್ರತ ಹಿಡಿದವನ ಹಾಗೆ ಕೆಟ್ಟದಾಗಿ ಆಡಿದೆ. ಸಾಹೇಬರ ಕಿವಿ ಕೆಂಪಾಗಿತ್ತು. ಮೇಷ್ಟರು ಕುರ್ಚಿಯನ್ನು ಒಂದು ಗೇಣು ಹತ್ತಿರಕ್ಕೆ ಎಳೆದುಕೊಂಡಿದ್ದರು. “ಇದೊಂದು ಕೈ, ಆಮೇಲೆ ಸಾಕು” ಎಂದರು ಸಾಹೇಬರು. ನನ್ನ ಬಲಕ್ಕೆ ಕೂತಿದ್ದ ಸಾಹುಕಾರರು ಎಲೆ ಹಂಚಿದರು. ಇದೊಂದು ಕೈ ದಾಟಿದರೆ ಗೆದ್ದೆ ಎಂದುಕೊಂಡು ಎಲೆ ಎತ್ತಿದೆ.

ಇಸ್ಪೀಟಿನ ಎಕ್ಕ, ರಾಜ, ಗುಲಾಮ, ಹತ್ತು, ಮತ್ತೆ ಎರಡು ಸಣ್ಣ ಎಲೆ. ಡೈಮನ್ನಿನ ಎಕ್ಕ, ರಾಜ, ರಾಣಿ, ಮತ್ತೆ ಎರಡು ಸಣ್ಣವು. ಕಳಾವರಿನ ಎರಡು ಪುಟ್ಟ ಎಲೆ. ಆಟೀನು ಒಂದೂ ಇಲ್ಲ.

ಮೂರು ವರ್ಷ ಜೀಪಿನಲ್ಲಿ ಉರುಹೊಡೆದಿದ್ದ ಕೈ. ಪಾಠದಲ್ಲಿ ಬಿಟ್ಟರೆ ಮೇಜಿನ ಮೇಲೆ ಒಮ್ಮೆಯೂ ಬಂದಿರಲಿಲ್ಲ. ದರಿದ್ರದ್ದು, ಇವತ್ತೇ ಬರಬೇಕಿತ್ತೇ! 

“ಮೂರು ಆಟೀನು” ಎಂದರು ಸಾಹುಕಾರರು. ಎಂದು, ನನ್ನ ಕಡೆ ತಿರುಗಿ, “ಬೇಲಿ ಆಯ್ತು. ಪಾಸ್ ಅನ್ನಿ ಓವರ್‌ಸೀರ್ರೇ, ಇವತ್ತು ನಿಮ್ಗದೊಂದೇ ಮಾತು ಬರಾದು” ಎಂದರು.

ಪಾಸ್ ಎನ್ನಬೇಕಿತ್ತು. ಅಷ್ಟೇ. ಇಂಥ ಕೈಯಲ್ಲಿ ಪಾಸ್ ಎಂದವನನ್ನು ಸಾಹೇಬರು ಜನ್ಮದಲ್ಲಿ ಕ್ಷಮಿಸುತ್ತಿರಲಿಲ್ಲ. ಎಲೆಗಳನ್ನು ಮೇಜಿನ ಮೇಲೆ ಹರಡಿದ ಕೂಡಲೇ ನನ್ನ ವರ್ಗದ ಕಾಗದಕ್ಕೆ ರುಜು ಬೀಳುತ್ತಿತ್ತು. ಎಲ್ಲ ನನಗೆ ಗೊತ್ತಿತ್ತು. ಹೆಂಡತಿಯ ಮುಖ ಕಣ್ಣೆದುರಿಗೆ ಬಂತು, ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಮೂರು ವರ್ಷದಿಂದ ಎಲ್ಲದಕ್ಕೂ ಹೂಂ, ಆಗಲಿ ಸಾರ್, ನಿಮ್ಮಿಷ್ಟ ಸಾರ್ ಅಂದು ಅಂದು ಒಳಗೆ ಕಟ್ಟಿಕೊಂಡಿದ್ದದ್ದೆಲ್ಲ ಆ ಹದಿಮೂರು ಎಲೆಯ ಹಿಂದೆ ಬಂದು ನಿಂತಿತ್ತು. ಇನ್ನೊಂದು ಬೇಲಿಯ ಮುಂದೆ ತಲೆ ತಗ್ಗಿಸಲಾರೆ ಅನ್ನಿಸಿತು. ಅದೂ ಪೂರ್ತಿ ನಿಜವಲ್ಲ. ಕೈ ಚೆಂದವಾಗಿತ್ತು. ಅಷ್ಟು ಚೆಂದದ ಕೈಯನ್ನು ಕೊಲ್ಲಲು ನನಗೆ ಮನಸ್ಸು ಬರಲಿಲ್ಲ.

“ನಾಲ್ಕು ಆಟೀನು” ಎಂದೆ.

ಸಾಹೇಬರು ತಟ್ಟನೆ ತಲೆಯೆತ್ತಿದರು. ಡಾಕ್ಟರು ಪಾಸ್. ಸಾಹೇಬರು ಮೆಲ್ಲಗೆ ಐದು ಕಳಾವರ್ ಎಂದರು. ಇಲ್ಲಿಯೂ ನಿಲ್ಲಿಸಬಹುದಿತ್ತು. ಐದು ಡೈಮನ್ ಎಂದೆ. ಅವರ ಮುಖದ ಮೇಲೆ ಒಂದೊಂದೇ ಗೆರೆ ಸಡಿಲವಾದದ್ದನ್ನು ಈಗಲೂ ಹೇಳಬಲ್ಲೆ. ನನ್ನ ಹತ್ತಿರ ಇಸ್ಪೀಟು ಮತ್ತು ಡೈಮನ್ ಇದೆ, ಬೇರೆ ಇಲ್ಲ ಎಂದು ಅವರಿಗೆ ಕನ್ನಡಿಯಲ್ಲಿ ಕಂಡ ಹಾಗೆ ಕಂಡಿತ್ತು. “ಆರು ಡೈಮನ್” ಎಂದರು. ಅಂದರೆ ಹದಿಮೂರರಲ್ಲಿ ಹನ್ನೆರಡು ಪಟ್ಟು ನಾನು ಗೆಲ್ಲಬೇಕು.

ಡಾಕ್ಟರು ಆಟೀನು ಇಳಿಸಿದರು. ಸಾಹೇಬರು ಆಟದ ನಿಯಮದಂತೆ ತಮ್ಮ ಎಲೆ ಹರಡಿದರು, ಅವನ್ನೂ ಇನ್ನು ನಾನೇ ಆಡಬೇಕು. ನಾಲ್ಕು ಡೈಮನ್, ಒಂದೇ ಒಂದು ಇಸ್ಪೀಟು, ಕಳಾವರಿನ ಎಕ್ಕ. ಡಾಕ್ಟರ ಆಟೀನಿಗೆ ತುರುಫು ಹೊಡೆದೆ. ಇಸ್ಪೀಟಿನ ಎಕ್ಕ ಆಡಿ, ಆಮೇಲೆ ಎರಡು ಸಲ ಸಣ್ಣ ಇಸ್ಪೀಟನ್ನು ಸಾಹೇಬರ ಡೈಮನ್ ಎಲೆಗಳಿಂದ ಕತ್ತರಿಸಿದೆ. ತುರುಫು ಎಳೆದು ಮುಗಿಸಿ ಇಸ್ಪೀಟಿನ ರಾಜನನ್ನು ಇಳಿಸಿದಾಗ ಡಾಕ್ಟರ ಕೈಯಿಂದ ರಾಣಿ ಬಿತ್ತು. ಕಳಾವರಿನ ಒಂದು ಪಟ್ಟು ಕೊಟ್ಟೆ, ಹನ್ನೆರಡು ನನ್ನವು. ಸಾಹುಕಾರರು “ಅಯ್ಯೋ ನಿನ್ನ! ಬೇಲಿ ಸಮೇತ ಮೇಯ್ಬುಟ್ಟನಲ್ಲಪ್ಪಾ!” ಎಂದು ಹಣೆ ಹಣೆ ಬಡಿದುಕೊಂಡರು.

ಸಾಹೇಬರು ಎದ್ದು ಬಂದು ನನ್ನನ್ನು ತಬ್ಬಿಕೊಂಡರು. ಕಚೇರಿಯ ದೊಡ್ಡವರು ಓವರ್‌ಸಿಯರನ್ನು ತಬ್ಬಿಕೊಳ್ಳುವುದೆಂದರೇನು! “ನೋಡಿದ್ರೇನ್ರೀ ಮೇಷ್ಟ್ರೇ? ಇಂಥವರನ್ನ ಯಾರಾದ್ರೂ ಕಳಿಸ್ತಾರೇನ್ರೀ?” ಎಂದರು. ನನ್ನ ಕಡೆ ತಿರುಗಿ, “ಆ ಅರ್ಜಿ ಮರೆತುಬಿಡಿ” ಎಂದರು. ಮೇಷ್ಟರು ಕುರ್ಚಿಯನ್ನು ಹಿಂದಕ್ಕೆ ತಳ್ಳಿಕೊಂಡರು. ನಾನೇನು ಮಾಡಿದೆ ಎಂದು ಆಗಲೇ ನನಗೆ ಹೊಳೆದದ್ದು.

ಭಾನುವಾರ ಬಸ್ಸಿನಲ್ಲಿ ದಾರಿಯುದ್ದಕ್ಕೂ ಸುಳ್ಳುಗಳನ್ನು ಜೋಡಿಸಿಕೊಂಡೆ. ಮನೆ ಮುಟ್ಟಿದಾಗ ಅವಳು ಬಾಗಿಲಲ್ಲೇ ನಿಂತಿದ್ದಳು. “ಆಯ್ತಾ?” ಎಂದಳು.

“ಇಲ್ಲ.”

“ಯಾಕೆ? ಕೆಟ್ಟದಾಗಿ ಆಡ್ಲಿಲ್ವಾ?”

ಸುಳ್ಳು ಬಾಯಿಗೆ ಬರಲಿಲ್ಲ. ನಿಜವನ್ನೇ ಹೇಳಿದೆ. ಹೇಳುತ್ತಾ ಹೇಳುತ್ತಾ ಏನಾಯಿತೋ, ನನ್ನ ಧ್ವನಿ ಏರಿತು. ಅವರು ಹೀಗೆ ಬೇಲಿ ಹಾಕಿದರು, ನಾನು ಹೀಗೆ ನುಗ್ಗಿದೆ, ನಾಲ್ಕನೆಯ ಸುತ್ತಿಗೆ ರಾಣಿ ಬಿತ್ತು ನೋಡು ಎಂದು ಗಾಳಿಯಲ್ಲಿ ಎಲೆ ಇಳಿಸಿ ತೋರಿಸಿದೆ. ನಾಚಿಕೆಗೆಟ್ಟವನು, ನಗುತ್ತಿದ್ದೆ ಅಂತ ಕಾಣುತ್ತದೆ. ಅವಳು ಕೊನೆಯವರೆಗೆ ಕೇಳಿಸಿಕೊಂಡಳು. ಆಮೇಲೆ ಪಾಠ ಅರ್ಥವಾಗದ ಮಗುವಿನ ಹತ್ತಿರ ಕೇಳುವಷ್ಟು ತಾಳ್ಮೆಯಿಂದ ಕೇಳಿದಳು.

“ಪಾಸ್ ಅಂದಿದ್ರೆ ಸಾಕಾಗಿತ್ತಾ?”

“ಸಾಕಾಗಿತ್ತು.”

“ಅದೊಂದೇ ಮಾತು?”

“ಹೂಂ.”

“ಕೈ ಕಾಲು ತೊಳ್ಕೊಳ್ಳಿ, ಎಲೆ ಹಾಕ್ತೀನಿ” ಎಂದು ಒಳಗೆ ಹೋದಳು. ಊಟಕ್ಕೆ ಬಡಿಸಿದಳು. ಎರಡನೆಯ ಸಲ ಸಾರು ಬೇಕೇ ಎಂದೂ ಕೇಳಿದಳು. ನನ್ನನ್ನು ಬಾಯಿಗೆ ಬಂದ ಹಾಗೆ ಬೈಯಲಿ ಎಂದು ಕಾದೆ. ಬೈಯಲಿಲ್ಲ.

ಸೋಮವಾರ ಅರ್ಜಿಯ ಮೇಲೆ ಷರಾ ಬಿದ್ದು ಅದು ಕಡತ ಸೇರಿತು. ಕೆಲಸದ ಹಿತದೃಷ್ಟಿಯಿಂದ ಸಾಧ್ಯವಿಲ್ಲ ಎಂದು ಸಾಹೇಬರ ದುಂಡಗಿನ ಅಕ್ಷರ. ಶಾಲೆ ತೆರೆಯುವ ಹಿಂದಿನ ವಾರ ಅವಳು ರಾಜೀನಾಮೆ ಬರೆದುಕೊಟ್ಟು ಮಗುವಿನೊಂದಿಗೆ ಹಾಸನಕ್ಕೆ ಬಂದಳು. ಸಾಹೇಬರು ಮಾತಿಗೆ ತಪ್ಪುವವರಲ್ಲ, ಬಾವಿ ಇರುವ ಕ್ವಾರ್ಟರ್ಸನ್ನೇ ಕೊಡಿಸಿದರು. ಶನಿವಾರಗಳಂದು ನಾನು ಕ್ಲಬ್ಬಿಗೆ ಹೋದೆ, ಆಡಿದೆ. ಕೆಟ್ಟದಾಗಿ ಆಡುವುದಕ್ಕೆ ಕಾರಣವೇ ಉಳಿದಿರಲಿಲ್ಲ.

ನಾಲ್ಕು ತಿಂಗಳಾಗಿರಬೇಕು, ಸಾಹೇಬರಿಗೇ ದೂರದ ಜಿಲ್ಲೆಗೆ ಬಡ್ತಿಯ ಮೇಲೆ ವರ್ಗವಾಯಿತು. ಹೊಸದಾಗಿ ಬಂದವರಿಗೆ ಇಸ್ಪೀಟಿನ ಗಂಧಗಾಳಿ ಇರಲಿಲ್ಲ. ಹಳೆಯ ಕಡತಗಳನ್ನು ತಿರುವಿಹಾಕುವಾಗ ನನ್ನ ಅರ್ಜಿ ಸಿಕ್ಕಿತಂತೆ. ಜಾಗ ಖಾಲಿ ಇದೆಯಲ್ಲ, ಇದಕ್ಕೇನು ಅಡ್ಡಿ ಎಂದು ಹೆಡ್ ಗುಮಾಸ್ತರನ್ನು ಕೇಳಿ, ಅಲ್ಲೇ ರುಜು ಹಾಕಿಬಿಟ್ಟರು. ಒಂದು ನಿಮಿಷದ ಕೆಲಸ. ಹೀಗೆ ನಾವು ಚನ್ನರಾಯಪಟ್ಟಣಕ್ಕೇ ಹೋದೆವು. ಅವಳ ಜಾಗಕ್ಕೆ ಆಗಲೇ ಬೇರೊಬ್ಬರನ್ನು ತೆಗೆದುಕೊಂಡಿದ್ದರು. ಬಾಡಿಗೆಗೆ ಸಿಕ್ಕ ಮನೆ ಶಾಲೆಯಿರುವ ಬೀದಿಯಲ್ಲೇ ಇತ್ತು, ಬೇರೆ ಸಿಗಲಿಲ್ಲ. ಬೆಳಿಗ್ಗೆ ಹೆಣ್ಣುಮಕ್ಕಳು ಸಾಲಾಗಿ ಹೋಗುವಾಗ ಅವಳು ಬೀದಿ ಕಡೆಯ ಕಿಟಕಿ ಮುಚ್ಚಿ ಹಿತ್ತಲಿಗೆ ಹೋಗುತ್ತಿದ್ದಳು.

ಒಂದು ದಿನ ಹಾಲಿನವಳು ಜಗಲಿಯ ಮೇಲೆ ಹಾಲು ಅಳೆಯುತ್ತಾ ಕೇಳಿದಳು. ಅವಳ ಮಗಳು ಹಿಂದೆ ನನ್ನ ಹೆಂಡತಿಯ ತರಗತಿಯಲ್ಲಿದ್ದವಳು. “ಯಾಕವ್ವಾ ಇಸ್ಕೂಲ್ ಬುಟ್ಬುಟ್ರಿ? ನಮ್ ಎಣ್‌ಮಗ ನಿಮ್ಮನ್ನೇ ನೆನೆಸ್ಕಂಡ್ ಅಳ್ತದೆ ಕಣವ್ವಾ.”

ನಾನು ಒಳಗೆ ಕಚೇರಿಗೆ ಹೊರಡಲು ಅಂಗಿ ಹಾಕಿಕೊಳ್ಳುತ್ತಿದ್ದೆ. ಹೆಂಡತಿ ಪಾತ್ರೆ ಮುಂದೆ ಹಿಡಿದಳು. ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಕೊಂಕೂ ಇರಲಿಲ್ಲ.

“ನಮ್ಮನೆಯವರು ಒಂದು ಆಟ ಗೆದ್ದುಬಿಟ್ರು ಕಣಮ್ಮ, ಅದಕ್ಕೆ” ಎಂದಳು.